ಮೂರು ಕಿಲೋ ಸುಳ್ಳು

ಪಿ.ಜೆ. ಬಡಾವಣೆ, ದಾವಣಗೆರೆ
21-9-1998, ಸೋಮವಾರ

ಪ್ರೀತಿಯ ದಾಕ್ಷಾಯಣಿಗೆ,

ಗಂಡನಾದವನು ಹೆಂಡತಿಗೆ ಪತ್ರ ಬರೆಯುವಾಗ ಮೊದಲ ಸಾಲಿನಲ್ಲಿ ಆಶೀರ್ವಾದ ತಿಳಿಸಬೇಕಂತೆ, ನಮ್ಮಪ್ಪ ಅಮ್ಮನಿಗೆ ಹಾಗೇ ಬರೆಯುತ್ತಿದ್ದರು. ಈಗಿನ ನನ್ನ ಸ್ಥಿತಿಯಲ್ಲಿ ನಿನಗೆ ಆಶೀರ್ವಾದ ಮಾಡುವಷ್ಟು ಮುಖ ನನಗಿಲ್ಲ, ಆದ್ದರಿಂದ ಪ್ರೀತಿ ಅಂತಲೇ ಬರೆದಿದ್ದೇನೆ. ಹೇಗಿದ್ದೀಯ? ಪಾದದ ಊತ ಇಳಿಯಿತೋ ಇಲ್ಲವೋ? ಕಬ್ಬಿಣದ ಮಾತ್ರೆ ವಾಕರಿಕೆ ತರುತ್ತದೆ ಅಂತ ಕರಿಬೇವಿನ ಗಿಡದ ಬುಡಕ್ಕೆ ಎಸೆಯುವ ನಿನ್ನ ಅಭ್ಯಾಸ ನನಗೆ ಗೊತ್ತು. ಎಸೆಯಬೇಡ, ಕರಿಬೇವಿಗೆ ರಕ್ತ ಕಡಿಮೆಯಾಗಿಲ್ಲ. ಮಗು ಈಗಲೂ ದೀಪ ಹಚ್ಚುವ ಹೊತ್ತಿಗೇ ಒದೆಯುತ್ತದಾ? ಎಡಮಗ್ಗುಲಾಗಿ ಮಲಗು ಅಂತ ಡಾಕ್ಟರಮ್ಮ ಹೇಳಿದ್ದು ನೆನಪಿರಲಿ. ಅತ್ತೆಯವರ ಕೆಮ್ಮು ಹೇಗಿದೆ? ಹರಿಹರದಲ್ಲಿ ಹೊಳೆಯ ಥಂಡಿ ಗಾಳಿ ಜಾಸ್ತಿ, ಸಂಜೆ ಮೇಲೆ ಕಟ್ಟೆಯ ಮೇಲೆ ಕೂರಬೇಡಿ ಅಂತ ನಾನು ಹೇಳಿದೆ ಅಂತ ಹೇಳು. ನಾನು ಹೇಳಿದೆ ಅಂದರೆ ಕೇಳುತ್ತಾರೋ ಇಲ್ಲವೋ, ಈಗ ಗೊತ್ತಿಲ್ಲ.

ಇವತ್ತಿಗೆ ಇಪ್ಪತ್ತನಾಲ್ಕು ದಿನ ಆಯಿತು. ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದೇನೆ. ಅತ್ತೆಯವರೇ ಎತ್ತುತ್ತಾರೆ, 'ಈಗ ತಾನೆ ಮಲಗಿದಾಳಪ್ಪ, ಎಬ್ಬಿಸ್ಲೇನು?' ಅನ್ನುತ್ತಾರೆ. 'ಬ್ಯಾಡ್ರಿ' ಅನ್ನುತ್ತೇನೆ. ಅವರ ಹಿಂದೆ ಕುಬುಸದ ದಿನ ತೊಡಿಸಿದ ಹಸಿರು ಬಳೆಗಳ ಸದ್ದು ಅಡುಗೆಮನೆಯಿಂದ ಪಡಸಾಲೆಗೆ ಬಂದು ಹೋಗುತ್ತಿರುತ್ತದೆ. ನಿದ್ದೆಯಲ್ಲಿ ಬಳೆ ಸದ್ದು ಮಾಡಿಕೊಂಡು ಮನೆಯೆಲ್ಲ ಓಡಾಡುವವಳನ್ನು ನಾನು ಇದೇ ಮೊದಲು ಕಂಡಿದ್ದು. ಸಿಟ್ಟು ಬರುತ್ತದೆ, ಫೋನು ಕುಕ್ಕಿಬಿಡೋಣ ಅನ್ನಿಸುತ್ತದೆ. ಆಮೇಲೆ ಆ ಬಳೆ ಸದ್ದಾದರೂ ಕೇಳಲಿ ಅಂತ ಹಿಡಿದುಕೊಂಡೇ ಇರುತ್ತೇನೆ.

ನಿನ್ನ ಸಿಟ್ಟಿಗೆ ಕಾರಣ ಇದೆ. ಆಗಸ್ಟ್ ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಕುಬುಸಕ್ಕೆ ಬಂದ ಹೆಂಗಸರೆಲ್ಲರ ಮುಂದೆ ನಾನು ಎದೆ ಉಬ್ಬಿಸಿಕೊಂಡು, ಎರಡು ತಿಂಗಳಲ್ಲಿ ಏಳು ಕಿಲೋ ಇಳಿದಿದ್ದೇನೆ, ಈಗ ನೂರಾ ಮೂವತ್ನಾಲ್ಕು ಅಂದೆ. ದುರುಗವ್ವ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದು ನನಗೇ ದೃಷ್ಟಿ ತೆಗೆದಳು. ಸಂಜೆ ಅತ್ತೆಯವರ ಜೊತೆ ನಿನ್ನನ್ನು ತವರಿಗೆ ಬಿಡಲು ರೈಲಿನಲ್ಲಿ ಬಂದೆವು. ಹರಿಹರದ ಪ್ಲಾಟ್‌ಫಾರಂ ಮೇಲೆ ಚಹಾದ ಅಂಗಡಿ ಪಕ್ಕ ಕೆಂಪು ಹಸಿರು ದೀಪ ತಿರುಗುವ ತೂಕದ ಮಷೀನು ಕಂಡಿದ್ದೇ ತಡ, ನೀನು ಪರ್ಸಿನಿಂದ ಒಂದು ರೂಪಾಯಿ ತೆಗೆದು 'ಹತ್ರಿ' ಅಂದೆ. ಹತ್ತಿದೆ. ಚೀಟಿ ಬಿತ್ತು. ಮುಂದುಗಡೆ ನೂರಾ ಮೂವತ್ತೇಳು. ಹಿಂದುಗಡೆ ನನ್ನ ಭವಿಷ್ಯ: ನೀವು ಯಾರಿಗೂ ಮೋಸ ಮಾಡುವವರಲ್ಲ. ಬೇರೆ ದಿನವಾಗಿದ್ದರೆ ನೀನು ಅದನ್ನು ಓದಿ ಪ್ಲಾಟ್‌ಫಾರಮ್ಮೇ ಅದುರುವ ಹಾಗೆ ನಗುತ್ತಿದ್ದೆ. ಅವತ್ತು ನಗಲಿಲ್ಲ. ನನ್ನ ಬಲಗೈ ಹಿಡಿದು ಅಂಗೈ ತಿರುಗಿಸಿ ನೋಡಿದೆ, ಬೆರಳ ಬುಡದಲ್ಲಿದ್ದ ದಡ್ಡುಗಳನ್ನು ಒಂದೊಂದಾಗಿ ಮುಟ್ಟಿದೆ. ನಿಮ್ಮಪ್ಪಾಜಿಯ ಅಂಗಡಿಯಲ್ಲಿ ಹಮಾಲರ ಕೈ ನೋಡಿಕೊಂಡು ಬೆಳೆದವಳು ನೀನು, ಅದು ಏನು ಅಂತ ಹೇಳಬೇಕಾಗಿರಲಿಲ್ಲ.

ಆಮೇಲೆ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ. 'ನಮ್ಮಪ್ಪಾಜಿನೂ ಹಿಂಗೇ. ಶುಗರ್ ಇನ್ನೂರೈವತ್ತು ಇದ್ರೆ ನೂರೈವತ್ತು ಅಂತಿದ್ರು. ಅವ್ರನ್ನ ಎತ್ತಾಕೆ ಎಂಟು ಮಂದಿ ಬೇಕಾದ್ರು. ಅದನ್ನ ಇನ್ನೊಂದು ಸಲ ನೋಡಾಕೆ ನನ್ ಕೈಲಿ ಆಗಲ್ರಿ. ಮಗು ಹುಟ್ಟಿದ್ಮ್ಯಾಲೂ ನಾನು ಇಲ್ಲೇ ಇರ್ತೀನಿ.' ಅಷ್ಟು ಹೇಳಿ ಚೀಟಿ ಹರಿದು ಹಳಿಯ ಮೇಲೆ ಹಾಕಿ ಅತ್ತೆಯವರ ಕೈ ಹಿಡಿದು ಹೋದೆ. ನಾನು ನಿನ್ನ ಸೂಟ್‌ಕೇಸ್ ಹಿಡಿದುಕೊಂಡು ಹಿಂದೆ ಹಿಂದೆ ಆಟೋದವರೆಗೂ ಬಂದೆ, ಬಾಯಿ ಬಿಡಲಿಲ್ಲ. ಯಾಕೆಂದರೆ ಆ ಮೂರು ಕಿಲೋ ಎಲ್ಲಿಂದ ಬಂತು ಅನ್ನುವುದು ನನಗೇ ಗೊತ್ತಿರಲಿಲ್ಲ, ಅಂಗೈಯ ವಿಷಯ ಮಾತ್ರ ಚೆನ್ನಾಗಿ ಗೊತ್ತಿತ್ತು. ಈಗ ಎರಡನ್ನೂ ಬರೆಯುತ್ತೇನೆ. ಒಂದರಲ್ಲಿ ನನ್ನ ತಪ್ಪಿಲ್ಲ. ಇನ್ನೊಂದರಲ್ಲಿ ಪೂರಾ ನನ್ನದೇ ತಪ್ಪು. ಹರಿದು ಹಾಕುವುದಿದ್ದರೆ ಕೊನೆಯವರೆಗೂ ಓದಿ ಹರಿ.

ಎಲ್ಲ ಶುರುವಾಗಿದ್ದು ಜೂನ್‌ನಲ್ಲಿ, ನೀನು ಮಹಡಿ ಮೆಟ್ಟಿಲ ಮೇಲೆ ಜಾರಿ ಕೂತ ದಿನ. ಆ ಮೆಟ್ಟಿಲ ವಿಷಯ ಬರೆಯಲು ಈಗ ಕೈ ಓಡುತ್ತಿಲ್ಲ, ಕೊನೆಗೆ ಬರೆಯುತ್ತೇನೆ. ಡಾಕ್ಟರು ನಿನ್ನನ್ನು ನೋಡಿ, ಮಗುವಿಗೆ ಏನೂ ಆಗಿಲ್ಲ ಅಂದ ಮೇಲೆ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ ನನ್ನ ಕಡೆ ತಿರುಗಿ, ಪೇಶೆಂಟು ಇವರೋ ನೀವೋ ಅಂತ ಕೇಳಿದರಲ್ಲ. ಅವರ ತೂಕದ ಮಷೀನಿನ ಮುಳ್ಳು ನೂರಾ ಮೂವತ್ತಕ್ಕೆ ಹೋಗಿ ಸಿಕ್ಕಿಕೊಂಡಿತು, ಅದರ ಮುಂದೆ ಅದಕ್ಕೆ ಅಂಕಿಯೇ ಇಲ್ಲ. ಬಿಪಿ ನೂರಾ ಎಪ್ಪತ್ತು ನೂರಾ ಹತ್ತು. ಇಪ್ಪತ್ತು ಕಿಲೋ ಇಳಿಸಿ, ದಿನಕ್ಕೆ ಒಂದು ಗಂಟೆ ನಡೀರಿ, ಇಲ್ಲವಾದರೆ ಮಗುವಿನ ಶಾಲೆಯ ಅರ್ಜಿಗೆ ಸಹಿ ಹಾಕಲು ನೀವಿರುವುದಿಲ್ಲ ಅಂದರು. ಹೆದರಿಸುವುದರಲ್ಲಿ ಡಾಕ್ಟರದು ಎತ್ತಿದ ಕೈ. ನಿನ್ನ ಮುಖ ಬಿಳಿಚಿಕೊಂಡಿದ್ದನ್ನು ಅವರು ನೋಡಲಿಲ್ಲ, ನಾನು ನೋಡಿದೆ.

ಆ ಸಂಜೆ ನೀನು ನನ್ನ ಕೈಯನ್ನು ನಿನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಎರಡು ಆಣೆ ಹಾಕಿಸಿಕೊಂಡೆ. ದಿನಾ ನಡೆಯಬೇಕು. ಭಾರ ಎತ್ತಕೂಡದು. ನಿಮ್ಮಪ್ಪಾಜಿ ಹಾಲೇಶಪ್ಪನವರ ಕಥೆ ನಿನಗೆ ನಾನು ಹೇಳಬೇಕಾಗಿಲ್ಲ, ಆದರೆ ಅದನ್ನು ದಾಟಿ ಮುಂದಕ್ಕೆ ಬರೆಯಲಾರೆ. ಹರಿಹರದ ಅಕ್ಕಿ ಅಂಗಡಿಯಲ್ಲಿ ಹಮಾಲಿ ತಡಮಾಡಿ ಬಂದ ಅಂತ ಸಿಟ್ಟಿಗೆದ್ದು, ನೀನಿಲ್ಲದಿದ್ದರೆ ನನಗೆ ಆಗೋದಿಲ್ಲವೇನೋ ಅಂತ ಕ್ವಿಂಟಾಲಿನ ಚೀಲಕ್ಕೆ ತಾವೇ ಬೆನ್ನು ಕೊಟ್ಟರು. ಐದು ಹೆಜ್ಜೆ ಇಟ್ಟರು, ಆರನೆಯದಕ್ಕೆ ಬಿದ್ದವರು ಮತ್ತೆ ಏಳಲಿಲ್ಲ. ಊಟದ ಕ್ಯಾರಿಯರ್ ಹಿಡಿದು ಹದಿನೇಳು ವರ್ಷದ ನೀನು ಬಾಗಿಲಲ್ಲಿ ನಿಂತಿದ್ದೆ. ಅವರಿಗೆ ನಲವತ್ತೇಳು, ತೂಕ ಹೆಚ್ಚುಕಡಿಮೆ ನನ್ನಷ್ಟೇ. ಅದಕ್ಕೇ ನಮ್ಮ ಶೇಂಗಾ ಮಂಡಿಯಲ್ಲಿ ನಾನು ಖಾಲಿ ಚೀಲದ ಕಟ್ಟು ಮುಟ್ಟಿದರೂ ನೀನು ಕಿರುಚುತ್ತೀಯ. ಆಣೆ ಹಾಕುವಾಗ ನಾನು ಮನಸ್ಸಿಟ್ಟೇ ಹಾಕಿದೆ, ಇದನ್ನು ನಂಬು.

ಡಾಕ್ಟರ ಮಷೀನಿಗೆ ನಿಲುಕದವನನ್ನು ತೂಗಲು ನಮ್ಮ ಮಂಡಿಯ ಕಾಟಾ ಒಂದೇ ಗತಿ. ಅದು ಮೂರು ಕ್ವಿಂಟಾಲು ತೂಗುತ್ತದೆ, ನಾನು ಅಷ್ಟಕ್ಕೆ ಇನ್ನೂ ಹೋಗಿಲ್ಲ. ಅಮಾವಾಸ್ಯೆಯ ದಿನ ಮಾರುಕಟ್ಟೆ ಯಾರ್ಡಿಗೆ ರಜೆ, ರೈತರು ಬರುವುದಿಲ್ಲ, ಕಾಟಾಕ್ಕೆ ಪೂಜೆ ಮಾಡಿ ಕಾಯಿ ಒಡೆದು ಬಾಗಿಲು ಎಳೆಯುತ್ತೇವೆ. ಜೂನ್ ಅಮಾವಾಸ್ಯೆಗೆ ಪೂಜೆ ಮುಗಿದ ಮೇಲೆ ಷಟರ್ ಅರ್ಧ ಇಳಿಸಿ, ಚಪ್ಪಲಿ ಬಿಟ್ಟು, ಕುಂಕುಮ ಹಚ್ಚಿದ ಹಲಗೆಯ ಮೇಲೆ ನಾನೇ ನಿಂತೆ. ಮೂವತ್ತು ವರ್ಷದಿಂದ ನಮ್ಮಲ್ಲಿ ತೂಕ ಮಾಡುವ ಮಕ್ತುಮ್ ಸಾಬರು ಅಂಕಿ ಕೊರೆದ ಕಡ್ಡಿಯ ಮೇಲೆ ತೂಕದ ಗುಂಡು ಸರಿಸಿ, ರೈತರ ಶೇಂಗಾ ಚೀಲಕ್ಕೆ ಕೂಗುವ ದನಿಯಲ್ಲೇ 'ನೂರಾ ನಲವತ್ತೊಂದ್!' ಅಂತ ಕೂಗಿದರು. ಪಕ್ಕದ ಅಂಗಡಿಗೂ ಕೇಳಿರಬೇಕು. ಕಡ್ಡಿ ಇರುವುದು ನನ್ನ ಬೆನ್ನ ಹಿಂದೆ, ಅವರ ಕಡೆ. ನಾನು ಹಲಗೆಯ ಮೇಲೆ ನಿಂತರೆ ನನಗೆ ಕಾಣುವುದು ನನ್ನ ಹೊಟ್ಟೆ ಮಾತ್ರ. ಅವರು ಕಾಪಿಂಗ್ ಪೆನ್ಸಿಲಿನಲ್ಲಿ ಚೀಟಿ ಬರೆದುಕೊಟ್ಟರು, ಆ ಚೀಟಿಯನ್ನೇ ನಿನಗೆ ತಂದು ತೋರಿಸಿದೆ.

ಮಾರನೇ ದಿನದಿಂದ ಹೈಸ್ಕೂಲ್ ಮೈದಾನ. ಮೊದಲ ಎರಡು ವಾರ ಡಾಕ್ಟರು ಹೇಳಿದ ಹಾಗೆ ನಡೆದೆ. ಎದುರಿನಿಂದ ಬರುವ ಹುಡುಗರು 'ಲಾರಿ ಬಂತು, ಸೈಡ್ ಬಿಡ್ರೋ' ಅನ್ನುತ್ತಿದ್ದರು, ಅದನ್ನು ನಿನಗೆ ಹೇಳಿ ನಗಿಸಿದ್ದೆ. ಹೇಳದೆ ಬಿಟ್ಟಿದ್ದು ಬೇರೆ ಇದೆ. ಒಂದು ಗಂಟೆ ನಡೆದರೆ ಹದಿನೈದು ದಿನವಾದರೂ ಅಂಗಿಯ ಗುಂಡಿ ಒಂದೂ ಸಡಿಲವಾಗಲಿಲ್ಲ. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ನಡಿಗೆ ಸಾಲದು, ಓಡಬೇಕು, ಬೆವರು ಸುರಿದಷ್ಟೂ ಕೊಬ್ಬು ಸುರಿಯುತ್ತದೆ ಅಂತ ಯಾರೋ ಹೇಳಿದ್ದನ್ನು ಕೇಳಿ, ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹೊಟ್ಟೆಗೆ ಸುತ್ತಿಕೊಂಡು, ಮೇಲೆ ಸ್ವೆಟರ್ ಹಾಕಿಕೊಂಡು ಓಡಿದೆ. ಜುಲೈ ಹದಿಮೂರನೇ ತಾರೀಖು ಮೂರನೇ ಸುತ್ತಿನಲ್ಲಿ ಕಣ್ಣಿಗೆ ಕತ್ತಲು ಬಂತು. ಎದೆ ಬಡಿತ ಕಿವಿಯಲ್ಲಿ ಕೇಳಿಸುತ್ತಿತ್ತು. ನೆಲಕ್ಕೆ ಕೂತವನು ಮಲಗಿಬಿಟ್ಟೆ. ಗೇಟಿನ ಹತ್ತಿರ ಹೂವು ಕಟ್ಟುತ್ತಿದ್ದ ಹೆಂಗಸು ಓಡಿಬಂದು ಸ್ವೆಟರ್ ಎಳೆದು, ಪ್ಲಾಸ್ಟಿಕ್ ಹರಿದು, ಹೂವಿಗೆ ಚಿಮುಕಿಸುವ ನೀರನ್ನೇ ಮುಖಕ್ಕೆ ಹೊಡೆದಳು. 'ಮನ್ಯಾಗೆ ಹೆಂಡ್ರು ಮಕ್ಳು ಇಲ್ಲೇನಪ್ಪಾ ನಿಂಗೆ?' ಅಂದಳು. ಅವತ್ತು ನಾನು ಸತ್ತೆ ಅಂತಲೇ ಅಂದುಕೊಂಡಿದ್ದೆ ದಾಕ್ಷಿ. ಅಪ್ಪನ ನೆನಪು, ದೇವರ ನೆನಪು ಏನೂ ಬರಲಿಲ್ಲ. ನೀನು ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತ ಹಾಗೆ ಕಂಡಿತು.

ಮನೆಗೆ ಬಂದು ಏನೂ ಆಗದವನ ಹಾಗೆ ಸ್ನಾನ ಮಾಡಿದೆ. ಬಲ ಮೊಣಕಾಲು ಊದಿ ತೆಂಗಿನಕಾಯಿಯಷ್ಟಾಗಿತ್ತು, ನಿನಗೆ ಅಂಗಡಿಯಲ್ಲಿ ಮೇಜು ತಾಗಿತು ಅಂದೆ. ಆಮೇಲೆ ಹತ್ತು ದಿನ ಬೆಳಿಗ್ಗೆ ಶೂ ಹಾಕಿಕೊಂಡು ಹೊರಟೆನಲ್ಲ, ಮೈದಾನಕ್ಕೆ ಹೋಗಲಿಲ್ಲ. ಹೋಟೆಲಿನ ಮೂಲೆಯಲ್ಲಿ ಕೂತು ಬೆಣ್ಣೆ ದೋಸೆ ತಿಂದೆ. ಮೊದಲ ದಿನ ಎರಡು, ಕೊನೆಯ ದಿನ ಐದು. ಬದುಕುವುದೇ ಇಲ್ಲ ಅಂದಮೇಲೆ ಬೆಣ್ಣೆ ಯಾಕೆ ಬಿಡಬೇಕು ಅನ್ನುವ ಹಠ. ಜುಲೈ ಅಮಾವಾಸ್ಯೆಗೆ ಕಾಟಾ ಹತ್ತಿದರೆ 'ನೂರಾ ಮೂವತ್ತೊಂಬತ್'. ಒಂದು ತಿಂಗಳ ನರಕಕ್ಕೆ ಎರಡೇ ಕಿಲೋ. ಹಲಗೆಯಿಂದ ಇಳಿಯುವಾಗ ಕಾಲು ಮಡಚಲಾಗದೆ ಮಕ್ತುಮ್ ಸಾಬರ ಹೆಗಲು ಹಿಡಿದುಕೊಂಡೆ.

ಅದನ್ನು ನೋಡುತ್ತಾ ನಿಂತಿದ್ದವನು ಅವರ ತಮ್ಮ ಸಿಕಂದರ್. ಹಗಲು ನಮ್ಮಲ್ಲಿ ಹಮಾಲಿ, ಸಂಜೆ ಗರಡಿಯಲ್ಲಿ ಹುಡುಗರಿಗೆ ಉಸ್ತಾದ್. ಅವನು ಎಂದೂ ನನ್ನ ಮುಂದೆ ಹೆಚ್ಚು ಮಾತಾಡಿದವನಲ್ಲ, ಅವತ್ತು ಕೇಳಿದ: 'ಸಣ್ ಸಾವ್ಕಾರ್ರ, ಕ್ವಿಂಟಾಲ್ ಮ್ಯಾಲೆ ನಲವತ್ತು ಕಿಲೋ ಹೊತ್ಕೊಂಡು ಮೈದಾನ ಸುತ್ತು ಅಂದ್ರೆ ನಮ್ ಹಮಾಲ್ರು ಯಾರೂ ಸುತ್ತಲ್ಲ. ನೀವು ಓಡ್ತೀರಿ. ಪಾಪ ಮೊಣಕಾಲು ಏನ್ ಮಾಡ್ಬೇಕ್ರಿ?' ನಿಂತಲ್ಲೇ ನಿಂತು ಎತ್ತುವುದನ್ನು ಕಲಿಯಿರಿ, ಕಾಲಿಗೆ ಬಲ ಬಂದಮೇಲೆ ನಡಿಗೆ ತಾನಾಗಿ ಬರುತ್ತದೆ ಅಂದ. ಅಪ್ಪ ಗಾದಿಯ ಮೇಲಿಂದಲೇ, 'ಭಾರ ಎತ್ತಿದ್ರೆ ಮೈ ಇನ್ನೂ ಬೆಳಿತೈತೆ, ಕರಗಾದು ನಡೆದ್ರೇನೇ' ಅಂದರು. ಮಕ್ತುಮ್ ಸಾಬರೂ ಅಪ್ಪನ ಕಡೆ. ಚಹಾ ಬಂದು ಆರಿಹೋದರೂ ವಾದ ಮುಗಿಯಲಿಲ್ಲ. ಊರೆಲ್ಲ ನಡೆದು ಸೀರೆ ಮಾರುವವನಿಗೆ ಹೊಟ್ಟೆ ಹೇಗೆ ಬಂತು ಅಂತ ಸಿಕಂದರ್ ಕೇಳಿದರೆ, ಗರಡಿ ಬಿಟ್ಟ ಪೈಲ್ವಾನರೆಲ್ಲ ಯಾಕೆ ಊದಿಕೊಂಡಿದ್ದಾರೆ ಅಂತ ಅಪ್ಪ ಕೇಳಿದರು. ನಾನು ನಿನ್ನ ಆಣೆಯನ್ನು ನೆನೆದು ಆರಿದ ಚಹಾ ಕುಡಿದು ಎದ್ದೆ.

ಆದರೆ ಮೂರನೇ ದಿನ ಬೆಳಿಗ್ಗೆ ಆರಕ್ಕೆ ಗೋದಾಮಿನ ಬಾಗಿಲು ತೆಗೆದೆ. ಇದೇ ನನ್ನ ತಪ್ಪು. ನಿನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹಾಕಿದ ಆಣೆಯನ್ನು ಗೊತ್ತಿದ್ದೂ ಗೊತ್ತಿದ್ದೂ ಮುರಿದೆ. ಸಿಕಂದರ್ ಮೊದಲ ವಾರ ಏನನ್ನೂ ಎತ್ತಿಸಲಿಲ್ಲ. ಮೂರು ಚೀಲ ಪೇರಿಸಿ ಅದರ ಮೇಲೆ ಕೂತು, ಕೈ ಊರದೆ ಎದ್ದೇಳು ಅಂದ. ಹತ್ತು ಸಲ. ಎದ್ದೇಳುವುದು ಇಷ್ಟು ಕಷ್ಟದ ಕೆಲಸ ಅಂತ ಮೂವತ್ತು ವರ್ಷ ನನಗೆ ಗೊತ್ತಿರಲಿಲ್ಲ, ಯಾವಾಗಲೂ ಏನನ್ನಾದರೂ ಹಿಡಿದುಕೊಂಡೇ ಎದ್ದಿದ್ದೆ. ಆಮೇಲೆ ಎರಡು ಚೀಲ. ಆಮೇಲೆ ಹತ್ತು ಕಿಲೋದ ಗಂಟನ್ನು ಎದೆಗೆ ಅಪ್ಪಿಕೊಂಡು ಏಳುವುದು. ಆಮೇಲೆ ನೆಲದಿಂದ ಎತ್ತುವುದು, ಬೆನ್ನಿನಿಂದಲ್ಲ, ತೊಡೆಯಿಂದ. ಸಣಬಿನ ಚೀಲದ ಕಿವಿ ಹಿಡಿದು ಹಿಡಿದು ಬಂದಿದ್ದೇ ನೀನು ಮುಟ್ಟಿ ನೋಡಿದ ದಡ್ಡು. ದೋಸೆಯನ್ನೂ ಅವನೇ ಬಿಡಿಸಿದ. ಬೆಳಿಗ್ಗೆ ಎರಡು ರೊಟ್ಟಿ, ಮೊಳಕೆ ಕಾಳು, ಸಂಜೆ ಏಳರ ಮೇಲೆ ಬಾಯಿಗೆ ಬೀಗ. ನೀನು ಇವರಿಗೆ ಹೊಟ್ಟೆ ಸರಿ ಇಲ್ಲವೇನೋ ಅಂತ ಜೀರಿಗೆ ಕಷಾಯ ಮಾಡಿಕೊಡುತ್ತಿದ್ದೆ. ಅದನ್ನು ಕುಡಿಯುವಾಗ ನಿನ್ನ ಮುಖ ನೋಡಲು ಆಗುತ್ತಿರಲಿಲ್ಲ.

ಒಂದು ದಿನದ್ದನ್ನು ಮುಚ್ಚಿಡುವುದಿಲ್ಲ. ಮೂವತ್ತು ಕಿಲೋ ಎತ್ತುವಾಗ ಜಂಬಕ್ಕೆ ಬಿದ್ದು ಉಸಿರು ಕಟ್ಟಿ ಎಳೆದೆ. ಕಣ್ಣ ಮುಂದೆ ಮಿಂಚು ಹುಳ ಹಾರಿದವು. ಸಿಕಂದರ್ ಚೀಲಕ್ಕೆ ಒದ್ದು ಕೆಳಗೆ ಕೆಡವಿದ, ಸಾವ್ಕಾರ ಗೀವ್ಕಾರ ಎಲ್ಲ ಮರೆತು ಬೈದ, ಮೂರು ದಿನ ಗೋದಾಮಿಗೆ ಸೇರಿಸಲಿಲ್ಲ. ಆಗ ನಾನು ಅವನಿಗೆ ನಿಮ್ಮಪ್ಪಾಜಿಯ ವಿಷಯ ಹೇಳಿದೆ. 'ಆ ಯಜಮಾನ್ರು ಎಷ್ಟು ವರ್ಷದಿಂದ ಎತ್ತಿರ್ಲಿಲ್ರಿ?' ಅಂದ. ನಾನು ಲೆಕ್ಕ ಹಾಕಿ, ಹುಡುಗರಾಗಿದ್ದಾಗ ಎತ್ತಿರಬಹುದು ಅಂದೆ. 'ಅವತ್ತು ಸಿಟ್ಟಿನಾಗೆ ಎತ್ತಿದ್ರು. ಉಸಿರು ಹಿಡಿದು ಎತ್ತಿದ್ರು. ಕ್ವಿಂಟಾಲ್ ಎತ್ತಿದ್ರು. ಮೂರೂ ಒಂದೇ ದಿನ' ಅಂದ. ಅದಾದ ಮೇಲೆ ನಾನು ಎತ್ತುವಾಗಲೆಲ್ಲ ಅವನು ಪಕ್ಕದಲ್ಲಿ ನಿಂತು 'ಉಸಿರು ಬಿಡ್ರಿ, ಬಿಡ್ರಿ' ಅನ್ನುತ್ತಲೇ ಇರುತ್ತಾನೆ. ಹೆರಿಗೆ ಕೋಣೆಯ ಸೂಲಗಿತ್ತಿಯ ಹಾಗೆ.

ಆಗಸ್ಟ್ ಅಮಾವಾಸ್ಯೆಗೆ ಮಕ್ತುಮ್ ಸಾಬರು 'ನೂರಾ ಮೂವತ್ನಾಲ್ಕ್' ಅಂತ ಕೂಗಿದರು. ಕುಬುಸದ ಹೊತ್ತಿಗೆ ಬಚ್ಚಲಲ್ಲಿ ಗೋಡೆ ಹಿಡಿಯದೆ ಏಳುತ್ತಿದ್ದೆ. ಮೊಣಕಾಲಿನ ಊತ ಹೋಗಿತ್ತು, ನೋವಿಲ್ಲದೆ ಇಪ್ಪತ್ತು ನಿಮಿಷ ನಡೆಯುತ್ತಿದ್ದೆ. ಆದ್ದರಿಂದ ನಡೆಯುತ್ತಿದ್ದೀರಾ ಅಂತ ನೀನು ಕೇಳಿದರೆ ಹೂಂ ಅನ್ನಲು ಅರ್ಧ ಧೈರ್ಯ ಇತ್ತು. ಇನ್ನರ್ಧ ಸುಳ್ಳು.

ಈಗ ಆ ಮೂರು ಕಿಲೋ. ನಿನ್ನೆ ಮಹಾಲಯ ಅಮಾವಾಸ್ಯೆ, ಕಾಟಾದ ಪೂಜೆ. ಸ್ಟೇಷನ್ ಚೀಟಿ ಇಪ್ಪತ್ಮೂರು ದಿನದಿಂದ ನನ್ನ ತಲೆ ತಿನ್ನುತ್ತಿತ್ತು. ಮಷೀನೇ ಕೆಟ್ಟಿರಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಹಲಗೆ ಹತ್ತಿದೆ. ಮಕ್ತುಮ್ ಸಾಬರು ಗುಂಡು ಸರಿಸಿದರು. ಜೂನ್‌ನಲ್ಲಿ ನನ್ನ ಕುತ್ತಿಗೆ ಹಿಂದಕ್ಕೆ ತಿರುಗುತ್ತಲೇ ಇರಲಿಲ್ಲ, ಈಗ ತಿರುಗುತ್ತದೆ. ತಿರುಗಿಸಿ ಕಡ್ಡಿಯನ್ನು ನಾನೇ ನೋಡಿದೆ. ಗುಂಡು ನಿಂತಿದ್ದು ನೂರಾ ಮೂವತ್ಮೂರರ ಮೇಲೆ. ಮಕ್ತುಮ್ ಸಾಬರು ಕೂಗಿದ್ದು 'ನೂರಾ ಮೂವತ್!'

ನಾನು ಹಲಗೆ ಮೇಲಿಂದಲೇ, ಇನ್ನೊಂದು ಸಲ ಹೇಳ್ರಿ ಅಂದೆ. ಮತ್ತೆ ನೂರಾ ಮೂವತ್ತು ಅಂದರು. ಕಡ್ಡಿ ನೋಡ್ರಿ ಅಂದೆ. ನೋಡಿದರು. ಅವರ ಮುಖ ನೋಡಬೇಕಿತ್ತು ನೀನು. ಪೆನ್ಸಿಲ್ ಕೆಳಗೆ ಬಿತ್ತು. 'ಯಾ ಅಲ್ಲಾ' ಅಂದು ಹಲಗೆಯ ಅಂಚಿನ ಮೇಲೆ ಕೂತುಬಿಟ್ಟರು. ಗೊತ್ತಾಯಿತಾ ನಿನಗೆ? ನೀನೂ ಅಂಗಡಿ ಮನೆಯ ಮಗಳು, ಗೊತ್ತಾಗಿರುತ್ತದೆ. ಚೀಲದ ತೂಕಕ್ಕೆ ಒಂದು ಕಿಲೋ, ಹಸಿ ಮತ್ತು ಮಣ್ಣಿಗೆ ಎರಡು ಕಿಲೋ. ಕಾಟಾದ ಮೇಲೆ ಏನೇ ಕೂತರೂ ಕಡ್ಡಿ ತೋರಿಸಿದ್ದರಲ್ಲಿ ಮೂರು ಕಳೆದು ಕೂಗುವುದು ನಮ್ಮ ಮಂಡಿಯ ಪದ್ಧತಿ. 'ಮೂವತ್ತು ವರ್ಷ ಆತ್ರಿ, ಕಣ್ಣು ನೋಡಾಕಿಂತ ಮೊದ್ಲೇ ಬಾಯಿ ಕಳೀತೈತೆ. ನಿಮ್ಮನ್ನೂ ಚೀಲ ಮಾಡ್ಬಿಟ್ಟೆ' ಅಂತ ಅವರು ಕಣ್ಣೀರು ತೆಗೆದರು. ಜೂನ್‌ನಲ್ಲಿ ನಾನಿದ್ದದ್ದು ನೂರಾ ನಲವತ್ನಾಲ್ಕು. ಕುಬುಸದ ಹೊತ್ತಿಗೆ ನೂರಾ ಮೂವತ್ತೇಳು, ಸ್ಟೇಷನ್ ಮಷೀನು ಹೇಳಿದ್ದೇ ಸರಿ. ಈಗ ನೂರಾ ಮೂವತ್ಮೂರು. ಇಳಿದಿದ್ದು ಹನ್ನೊಂದು ಕಿಲೋ, ಇದು ಸುಳ್ಳಲ್ಲ. ಅಪ್ಪ ಗಾದಿಯ ಮೇಲೆ ನಗುತ್ತಿದ್ದರು, ನನಗೆ ನಗು ಬರಲಿಲ್ಲ. ಈ ಕಳೆಯುವ ಪದ್ಧತಿ ಅನ್ಯಾಯ ಅಂತ ಜಗಳಕ್ಕೆ ಬರುವ ರೈತರಿಗೆ, ಮೂರು ಕಿಲೋ ಏನು ಮಹಾ ಅಂತ ಸಮಾಧಾನ ಹೇಳುತ್ತಿದ್ದವನು ನಾನೇ. ಮೂರು ಕಿಲೋ ಏನು ಮಹಾ ಅಂತ ಈಗ ಯಾರಾದರೂ ನನ್ನನ್ನು ಕೇಳಲಿ.

ಇವತ್ತು ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ ಗೋದಾಮು, ಮೈದಾನ, ಪ್ಲಾಸ್ಟಿಕ್, ಎಲ್ಲ ಒಪ್ಪಿಸಿದೆ. ಮೊದಲು ಪ್ಲಾಸ್ಟಿಕ್ಕಿಗೆ ಬೈದರು, ಆಮೇಲೆ ಕೇಳದೆ ಎತ್ತಿದ್ದಕ್ಕೆ ಬೈದರು, ಆಮೇಲೆ ಇಸಿಜಿ ತೆಗೆದರು. ಆ ಕಾಗದ ಹೊರಬರುವಷ್ಟು ಹೊತ್ತು ನನಗೆ ಎದೆಯಲ್ಲಿ ಬಡಿತವೇ ಇರಲಿಲ್ಲ, ಆದರೂ ಗೆರೆ ಸರಿಯಾಗಿ ಬಂದಿದೆ ಅಂದರು. ಬಿಪಿ ನೂರಾ ನಲವತ್ನಾಲ್ಕು ತೊಂಬತ್ತೆರಡು, ಇನ್ನೂ ಇಳಿಯಬೇಕಂತೆ. ಭಾರವೋ ನಡಿಗೆಯೋ ನೀವೇ ತೀರ್ಮಾನ ಮಾಡಿ ಅಂತ ಹಠ ಹಿಡಿದೆ. 'ನಡೀರಿ, ಓಡಬೇಡಿ. ಎತ್ತಿ, ಉಸಿರು ಕಟ್ಟಬೇಡಿ. ಇವೆರಡಕ್ಕಿಂತ ಹೆಚ್ಚಾಗಿ ತೂಕ ಇಳಿದಿರೋದು ನೀವು ಬಿಟ್ಟ ದೋಸೆಯಿಂದ' ಅಂದರು. ಇಸಿಜಿ ಕಾಗದ ಇದರ ಜೊತೆಗಿದೆ, ಮಕ್ತುಮ್ ಸಾಬರು ಕಳೆಯದೆ ಬರೆದುಕೊಟ್ಟ ತೂಕದ ಚೀಟಿಯೂ ಇದೆ. ಅವರ ತಂಗಿ ಖತೀಜಾಬೀ ಮನೆ ಹರಿಹರದಲ್ಲೇ, ಅಲ್ಲಿಗೆ ಹೋಗುವ ಸಾಬರು ಈ ಪತ್ರವನ್ನು ತಾವೇ ತಂದುಕೊಡುವುದಾಗಿ ಹೊರಟಿದ್ದಾರೆ. ನಿನ್ನ ಮುಂದೆ ತಪ್ಪು ಒಪ್ಪಿಕೊಳ್ಳಬೇಕಂತೆ. ವಯಸ್ಸಾದವರು, ಬೈಯಬೇಡ. ಬೈಗುಳವೆಲ್ಲ ನನ್ನ ಪಾಲಿಗಿರಲಿ.

ತೂಕದ ವಿಷಯದಲ್ಲಿ ನನ್ನನ್ನು ನಂಬು ಅಂತ ಕೇಳುತ್ತೇನೆ. ಆಣೆಯ ವಿಷಯದಲ್ಲಿ ಕ್ಷಮಿಸು ಅಂತ ಕೇಳುತ್ತೇನೆ. ಮಗು ಹುಟ್ಟಿದ ಮೇಲೂ ಇಲ್ಲೇ ಇರುತ್ತೇನೆ ಅಂದೆಯಲ್ಲ, ಆ ಮಾತು ನೆನಪಾದಾಗಲೆಲ್ಲ ಈ ಮನೆಯ ಗೋಡೆಗಳನ್ನು ನೋಡಲು ಹೆದರಿಕೆಯಾಗುತ್ತದೆ. ನೀನು ಬೇಡ ಅಂದರೆ ನಾಳೆಯಿಂದ ಗೋದಾಮಿನ ಬೀಗ ತೆಗೆಯುವುದಿಲ್ಲ, ಬರೀ ನಡೆಯುತ್ತೇನೆ. ಆದರೆ ಬೇಡ ಅನ್ನುವ ಮುಂಚೆ ಈ ಹಾಳೆಯ ಹಿಂಬದಿ ಓದು.

ಅತ್ತೆಯವರ ಪಾದಗಳಿಗೆ ನಮಸ್ಕಾರ. ಮಗುವಿಗೆ, ಒದೆಯುವ ಹೊತ್ತಿಗೆ, ಅಪ್ಪನ ಮುತ್ತು. ಅಪ್ಪ ಅಮ್ಮ ಹಾಗೂ ದುರುಗವ್ವ ನಿನ್ನನ್ನು ಕೇಳಿದ್ದಾರೆ. ಬಕ್ಕೇಶ್ವರ ಸ್ವಾಮಿ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನವನೇ,
ಬಕ್ಕೇಶ್

ಮರೆತಿಲ್ಲ, ಬರೆಯಲು ಹೆದರಿದ್ದು: ಮಕ್ತುಮ್ ಸಾಬರು ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು. ಆ ಮೆಟ್ಟಿಲ ವಿಷಯ. ಜಾರಿ ಕೂತ ನೀನು ಎರಡೂ ಕೈ ನನ್ನ ಕಡೆ ಚಾಚಿದೆ. ನಾನು ಬಗ್ಗಿದೆ. ಬಗ್ಗಿದವನು ನಿನ್ನನ್ನು ಎತ್ತಲೂ ಆಗದೆ, ನಾನೂ ಏಳಲಾಗದೆ, ಕಂಬಿ ಹಿಡಿದುಕೊಂಡು ನಿಂತುಬಿಟ್ಟೆ. ಅರವತ್ತು ವರ್ಷದ ದುರುಗವ್ವ, ಬೀದಿಯಿಂದ ಬಂದ ಆಟೋದವನು, ಇಬ್ಬರೂ ಸೇರಿ ನಿನ್ನನ್ನು ಎತ್ತಿಕೊಂಡು ಹೋದರು. ನೀನು ಅವರ ಹೆಗಲ ಮೇಲಿಂದ ನನ್ನನ್ನು ನೋಡಿದೆ. ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ ನೀನು, ಅದಕ್ಕೇ ನನಗೆ ಮರೆಯಲು ಆಗಿಲ್ಲ. ನಡೆದರೆ ನಾನು ಬದುಕಬಹುದು ದಾಕ್ಷಿ, ನಿನ್ನನ್ನು ಎತ್ತಲು ಆಗುವುದಿಲ್ಲ. ಆಣೆ ಮುರಿದದ್ದು ಅದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಮೊನ್ನೆ ನಲವತ್ತೈದು ಕಿಲೋ ಎದೆಗೆ ಅಪ್ಪಿಕೊಂಡು ಗೋದಾಮಿನ ಮೂರು ಮೆಟ್ಟಿಲು ಹತ್ತಿ ಇಳಿದೆ, ಉಸಿರು ಬಿಡುತ್ತಲೇ. ಈ ತಿಂಗಳು ಡಾಕ್ಟರಮ್ಮ ನಿನ್ನ ತೂಕ ಎಷ್ಟು ಬರೆದಿದ್ದಾರೆ? ಬೇರೇನೂ ಬರೆಯದಿದ್ದರೂ ಸರಿ, ಅದೊಂದು ಅಂಕಿಯನ್ನು ಚೀಟಿಯಲ್ಲಿ ಬರೆದು ಮಕ್ತುಮ್ ಸಾಬರ ಕೈಗೆ ಕೊಟ್ಟು ಕಳಿಸು. ಸಿಕಂದರ್ ಅಷ್ಟೇ ತೂಕದ ಚೀಲ ಕಟ್ಟಿಸುತ್ತಾನೆ. ಮೂರು ಕಿಲೋ ಕಳೆದು ಬರೆಯಬೇಡ.